ಕಂಬಳಿ ಮುಟ್ಟಿ ಹೇಳಿದ ಮಾತು

ಮೂರ್ನಾಲ್ಕು ಬೈಕುಗಳು ಒಟ್ಟಿಗೆ ಬಂದು ನಿಂತ ಸದ್ದು ಕೇಳಿದರೆ ಈಗಲೂ ನಾನು ಮೊದಲು ಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ಅದಕ್ಕೆ ಒಳಗಿನಿಂದ ಚಿಲಕ ಇದೆಯೇ ಎಂದೂ ನೋಡುತ್ತೇನೆ.

ಅಪ್ಪ ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಅಲ್ಲಿ ನಮ್ಮದು ಕೆಲವೇ ಕ್ರೈಸ್ತ ಮನೆಗಳ ಸಣ್ಣ ಸಭೆ. ಸ್ಟೇಷನ್ ಹಿಂದೆ ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಭಾನುವಾರ ಆರಾಧನೆ ನಡೆಯುತ್ತಿತ್ತು. ನಾನು ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಿದ್ದೆ. ಪಕ್ಕದ ಹಳ್ಳಿಯ ಕುರುಬರ ಮನೆಯ ಹುಡುಗಿಯೊಬ್ಬಳು ನನ್ನ ಜೊತೆಗಾತಿ. ಹೊಳಲ್ಕೆರೆ ಬರುವವರೆಗೆ ಬಸ್ಸಿನಲ್ಲಿ ನಿಂತು, ಆಮೇಲೆ ಸಿಕ್ಕ ಒಂದೇ ಸೀಟಿನಲ್ಲಿ ಇಬ್ಬರೂ ಕೂತು ಹೋಗುತ್ತಿದ್ದೆವು. ಕೊನೆಯ ವರ್ಷ ಅವಳೂ ಸಭೆಗೆ ಬರತೊಡಗಿದಳು. ನಮ್ಮ ಯುವಜನ ಕೂಟದಲ್ಲಿ ಗಿಟಾರ್ ನುಡಿಸುವ ಹುಡುಗನ ಮೇಲೆ ಅವಳಿಗೆ ಮನಸ್ಸಾಗಿತ್ತು. ಅವನಿಗೂ ಅವಳ ಮೇಲೆ. ಡಿಗ್ರಿ ಮುಗಿದ ಮೇಲೆ ಇಬ್ಬರ ಮನೆಯಲ್ಲೂ ಹೇಳುವುದೆಂದು ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನೆದುರೇ ಮಾತಾಡಿಕೊಂಡಿದ್ದರು.

“ಪ್ರಾರ್ಥನೆಗೆ ಅರ್ಧ, ಅವನಿಗೆ ಅರ್ಧ ಕಣೆ,” ಎಂದು ಒಮ್ಮೆ ಹೇಳಿದಳು. “ನಿಮ್ಮ ದೇವರು ಬೇಜಾರು ಮಾಡ್ಕಂತಾನಾ?”

ಯಾರ ಮುಂದೆಯೂ ಹೆದರದೆ ನಂಬಿಕೆಯನ್ನು ಒಪ್ಪಿಕೊಳ್ಳಬೇಕು ಎಂದು ಯುವಜನ ಕೂಟದಲ್ಲಿ ನಮಗೆಲ್ಲ ಪಾಠ ಹೇಳುತ್ತಿದ್ದವನು ಆ ಹುಡುಗನೇ. ಚೆನ್ನಾಗಿ ಹೇಳುತ್ತಿದ್ದ.

ಕ್ರಿಸ್‌ಮಸ್ ನಾಟಕದ ತಾಲೀಮಿನಲ್ಲಿ ನಮ್ಮ ಹುಡುಗರು ಸ್ನಾನದ ಟವೆಲ್ ಹೊದ್ದು ಕುರಿ ಕಾಯುವವರ ವೇಷ ಹಾಕಿದ್ದರು. ಅದನ್ನು ನೋಡಿ ಅವಳು ಬಿದ್ದು ಬಿದ್ದು ನಕ್ಕಳು. “ಲೇ, ಹಿಂಗೆ ನಿಂತ್ರೆ ಒಂದು ಕುರಿನೂ ಹತ್ರ ಬರಲ್ಲ.” ಮರುವಾರ ಮನೆಯಿಂದ ಕರಿ ಕಂಬಳಿ ತಂದಳು. ಕುರಿಗಾರರ ನಾಟಕ ಎಂದಿದ್ದಕ್ಕೆ ಅಜ್ಜಿಯೇ ಖುಷಿಯಿಂದ ಕೊಟ್ಟಿದ್ದರಂತೆ. ಮನೆದೇವರ ಪೂಜೆಗೆ ಹಾಸುವ ಕಂಬಳಿ ಅದು. ಅದನ್ನು ಚಪ್ಪಲಿ ಕಾಲಿನಲ್ಲಿ ತುಳಿಯಬಾರದು, ಅದನ್ನು ಮುಟ್ಟಿಕೊಂಡು ಸುಳ್ಳು ಹೇಳಬಾರದು ಎಂದು ನಮಗೆಲ್ಲ ತಿಳಿಸಿಯೇ ಕೊಟ್ಟಳು. ಆದರೂ ಯಾರೋ ಅದನ್ನು ಗೋದಲಿಯ ಮುಂದೆ ಹಾಸಿದರು. ಗಿಟಾರಿನ ಹುಡುಗ ಶೂ ಬಿಚ್ಚದೆ ಅದರ ಮೇಲೆ ಮಂಡಿಯೂರಿದ. ಇನ್ಯಾರೋ ಫೋಟೊ ತೆಗೆದು ಸ್ಟೇಟಸ್ ಹಾಕಿದರು.

ಮುಂದಿನ ಭಾನುವಾರ ಮಧ್ಯಾಹ್ನ ಬೈಕುಗಳು ಬಂದವು. ನಮ್ಮ ಸಭೆಯ ಪಾದ್ರಿ ಅಯ್ಯನವರು ಹಿರಿಯೂರಿಗೆ ಆರಾಧನೆ ನಡೆಸಲು ಹೋಗಿದ್ದರು. ಹಾಲ್‌ನಲ್ಲಿದ್ದವರು ನಾವು ಹುಡುಗ ಹುಡುಗಿಯರು ಮಾತ್ರ. ನಾನು ದೇವದೂತರಿಗೆ ರಟ್ಟಿನ ರೆಕ್ಕೆ ಕತ್ತರಿಸುತ್ತಿದ್ದೆ. ಬಂದವರಲ್ಲಿ ಅವಳ ಚಿಕ್ಕಪ್ಪನನ್ನು ನಾನು ಮೊದಲೇ ನೋಡಿದ್ದೆ, ಉಳಿದವರನ್ನಲ್ಲ. ಕೊನೆಗೆ ಒಳಬಂದವನು ಚಿಲಕ ಹಾಕಿದ. ಇನ್ನೊಬ್ಬ ಗಿಟಾರನ್ನು ಎತ್ತಿ ಗೋಡೆಗೆ ಬಡಿದ. ಮೂರನೆಯವನು ಫೋನ್ ಹಿಡಿದು ಎಲ್ಲರ ಮುಖ ವಿಡಿಯೊ ಮಾಡತೊಡಗಿದ.

“ನಮ್ಮ ದೇವರ ಕಂಬಳಿ ತುಳಿದೋನು ಯಾವನಲೇ?”

ಫೋಟೊ ಅವರ ಬಳಿಯೇ ಇತ್ತು. ಹುಡುಗನ ಅಂಗಿ ಹಿಡಿದು ಮುಂದಕ್ಕೆ ಎಳೆದರು.

ಚಿಕ್ಕಪ್ಪ ಕಂಬಳಿಯನ್ನು ಕೊಡವಿ ಹಾಸಿದ. “ಚಪ್ಪಲಿ ಬಿಡ್ರಲೇ ಎಲ್ಲ,” ಎಂದು ತನ್ನ ಕಡೆಯವರಿಗೂ ಗದರಿದ. ಆಮೇಲೆ ಅವಳನ್ನು ಕರೆದ. “ಬಾ. ಮುಟ್ಟಿ ಹೇಳು. ನಿನ್ನ ಜಾತಿ ಕೆಡಿಸಿದಾರಾ?”

“ಇಲ್ಲ ಚಿಕ್ಕಪ್ಪ.”

“ಯಾರು ಕರ್ಕಂಡು ಬಂದ್ರು?”

“ಯಾರೂ ಕರೀಲಿಲ್ಲ. ನಾನೇ ಬಂದೆ.”

“ಕೇಕ್ ತಿನ್ನಾಕೆ ಬಂದಿರ್ಬೇಕು ಬಿಡಣ್ಣ,” ಎಂದು ಫೋನ್ ಹಿಡಿದವನು ನಕ್ಕ.

“ನಿನ್ನ ಕೇಳಿಲ್ಲ,” ಎಂದು ಚಿಕ್ಕಪ್ಪ ಅವನನ್ನು ಗದರಿ ಅವಳ ಕಡೆ ತಿರುಗಿದ. “ಯಾಕೆ ಬಂದೆ ಹೇಳವ್ವ.”

ಅವಳು ಹುಡುಗನ ಕಡೆ ನೋಡಿದಳು. ಬೇಡ ಎನ್ನುವಂತೆ ಅವನು ತಲೆಯಾಡಿಸಿದ್ದನ್ನು ನಾನು ಕಂಡೆ. ಅವಳೂ ಕಂಡಳು. ಕೊನೆಯ ವರ್ಷದ ಓದು, ಮನೆ, ಮದುವೆ ಎಲ್ಲವೂ ಆ ಒಂದು ಉತ್ತರದ ಮೇಲೆ ನಿಂತಿತ್ತು. ‘ಹಾಡು ಕೇಳಲು ಬಂದೆ’ ಎಂದಿದ್ದರೆ ಸಾಕಿತ್ತು. ಆದರೆ ಅವಳ ಅಂಗೈ ಕಂಬಳಿಯ ಮೇಲಿತ್ತು.

“ಇಲ್ಲಿ ಪ್ರಾರ್ಥನೆ ಮಾಡಿದ್ರೆ ಮನ್ಸಿಗೆ ಸಮಾಧಾನ ಆಕ್ಕೈತೆ. ಇವನಿಗೋಸ್ಕರನೂ ಬಂದೆ.”

ಚಿಕ್ಕಪ್ಪ ಹುಡುಗನ ಕುತ್ತಿಗೆ ಒತ್ತಿ ಕೂರಿಸಿದ. “ಈಗ ನೀನು ಮುಟ್ಟು. ಇವಳು ನಿನಗೇನಾಗ್ಬೇಕು?”

ಅವನು ಕೈಯಿಟ್ಟ. “ಏನೂ ಇಲ್ಲಣ್ಣ. ಇವಳು ಯಾರಂತ ನಂಗೆ ಸರಿಯಾಗಿ ಗೊತ್ತೂ ಇಲ್ಲ. ಇವಳೇ ಹಿಂದೆ ಬೀಳ್ತಿದ್ಲು. ಬರಬೇಡ ಅಂತ ಎಷ್ಟೋ ಸಲ ಹೇಳಿದೀನಿ.”

ಅವನಿಗೆ ಅದು ಬರೀ ಉಣ್ಣೆ. ಅದರ ಮೇಲೆ ಮತ್ತೆ ಮತ್ತೆ ಆಣೆ ಇಟ್ಟ. ನನ್ನ ತಲೆಯಲ್ಲಿ ಇವತ್ತಿಗೂ ತಿರುಗುವುದು ಗಿಟಾರ್ ಒಡೆದ ಸದ್ದಲ್ಲ, ಆ ಸಲೀಸಾದ ದನಿ.

ಚಿಕ್ಕಪ್ಪ ಅವನ ಮುಖವನ್ನೇ ನೋಡಿದ. ಹೊಡೆಯಲಿಲ್ಲ. “ಏಳು. ಹೋಗು,” ಎಂದ. ಚಿಲಕ ತೆಗೆದರು. ಅವನು ಬರಿಗಾಲಲ್ಲೇ ಓಡಿದ. ಚಿಕ್ಕಪ್ಪ ಅವಳ ಕಡೆ ತಿರುಗಿ, “ಇಂಥೋನಿಗೋಸ್ಕರ ಮನೆ ಮಾನ ಕಳದ್ಯಲ್ಲವ್ವ. ನಡಿ,” ಎಂದ. ಅವಳು ಅಳಲಿಲ್ಲ. ಬೈಕಿನ ಹಿಂದೆ ಕೂತು ಹೋದಳು.

ಮತ್ತೆ ಅವಳು ಕಾಲೇಜಿಗೆ ಬರಲಿಲ್ಲ, ಪರೀಕ್ಷೆಗೂ ಬರಲಿಲ್ಲ. ಹೊಸದುರ್ಗದ ಕಡೆ ಮದುವೆ ಮಾಡಿಕೊಟ್ಟರೆಂದು ಬಸ್ಸಿನಲ್ಲಿ ಅವರೂರಿನವರು ಹೇಳಿದರು.

ಅದಕ್ಕೂ ಮುಂಚೆ, ಘಟನೆಯಾದ ಮುಂದಿನ ಭಾನುವಾರವೇ, ಆ ಹುಡುಗ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ. ಸಿಂಹಗಳ ಬಾಯಿಂದ ದೇವರು ತನ್ನನ್ನು ಬಿಡಿಸಿದನಂತೆ. ಎಲ್ಲರೂ ಆಮೆನ್ ಎಂದರು. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ನನ್ನನ್ನು ತಡೆದು, “ಹೆಂಗಿದಾಳೆ ಅವಳು? ದಿನಾ ಅವಳಿಗೋಸ್ಕರ ಪ್ರಾರ್ಥನೆ ಮಾಡ್ತೀನಿ,” ಎಂದ.

“ಯಾರಿಗೋಸ್ಕರ?” ಎಂದೆ. “ನಿಂಗವಳು ಗೊತ್ತೇ ಇಲ್ವಲ್ಲ.”

ಅವನ ಹಿಂದೆಯೇ ಅವನ ತಾಯಿ, ಅಯ್ಯನವರು ನಿಂತಿದ್ದರು. ಅವರಿಗೂ ಕೇಳಿಸಲಿ ಎಂದೇ ಜೋರಾಗಿ ಹೇಳಿದೆ.