ಇಳಿಜಾರಿಗೆ ಮುಂಚಿನ ಹತ್ತು ಮೈಲಿ

ಉತ್ತರ ಡಕೋಟಾದ ಚಳಿ ತಪ್ಪಿಸಿಕೊಳ್ಳಲು ಅರಿಜೋನಾಕ್ಕೆ ಹೊರಡುವುದು ವರ್ನಾ ಹಾಗನ್‌ಗೆ ಹೊಸತಲ್ಲ. ಹದಿನೆಂಟು ವರ್ಷ ಪಿಕಪ್‌ನ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಕಾಲುಚೀಲ ಹೆಣೆಯುತ್ತ ಹೋಗಿ ಬಂದವಳು. ಶಾಲೆಯ ಅಡುಗೆಮನೆಯಲ್ಲಿ ದಿನಾ ಮುನ್ನೂರು ಮಕ್ಕಳಿಗೆ ಬಡಿಸಿದ ಗಟ್ಟಿ ಹೆಂಗಸು. ಆದರೆ ಹಿಂದೆ ಎಳೆದುಕೊಂಡು ಹೋಗುವ ಮೂವತ್ತಾರು ಅಡಿಯ ಟ್ರೈಲರ್ ಮನೆಯ ಉಸಾಬರಿಯೆಲ್ಲ ಗಂಡ ಆರ್ಲೋನದು. ಈ ವರ್ಷ ಅವನ ಕಣ್ಣು ಮಂಜಾಯಿತು. ಸ್ಟಿಯರಿಂಗ್ ಇವಳ ಕೈಗೆ ಬಂತು.

"ಒಂದು ತಪ್ಪಾಗಲಿ, ಈ ಟ್ರೈಲರನ್ನೇ ಮಾರಿಬಿಡೋಣ," ಎಂದಿದ್ದ ಆರ್ಲೋ ಹೊರಡುವಾಗ. ಮಾರಿದರೆ ಅವನು ಚಳಿಗಾಲವಿಡೀ ಮಬ್ಬು ಕಿಟಕಿಯ ಮುಂದೆ ಮುದುರಿ ಕೂರುತ್ತಾನೆಂದು ಅವಳಿಗೆ ಗೊತ್ತು.

ಟ್ರೈಲರ್ ಮಂದಿಯಲ್ಲಿ ಒಂದು ರೂಢಿ: ಟ್ರೈಲರನ್ನು ಪಿಕಪ್ಪಿಗೆ ಸೇರಿಸುವ ಕೊಂಡಿ ಹಾಕುತ್ತಿರುವವರನ್ನು ಯಾರೂ ಮಾತಾಡಿಸುವುದಿಲ್ಲ. ಯಾರಾದರೂ ಮಾತಾಡಿಸಿದರೆ ಕೆಲಸ ಮತ್ತೆ ಮೊದಲಿನಿಂದ. ದಾರಿಯಲ್ಲಿ ವಯೋಮಿಂಗ್ ತಂಗುದಾಣವೊಂದರಲ್ಲಿ ರಾತ್ರಿ ಕಳೆದು ಹೊರಟ ಆ ಬೆಳಿಗ್ಗೆ ಪಕ್ಕದ ಟ್ರೈಲರಿನ ಹೊಸಬಳಿಗೆ ಇದು ಗೊತ್ತಿರಲಿಲ್ಲ. ಬಿಸಿ ಬಿಸಿ ದಾಲ್ಚಿನ್ನಿ ಬನ್ನು ಹಿಡಿದುಕೊಂಡು ಬಂದಳು.

"ಹೊರಟೇಬಿಟ್ರಾ? ದಾರೀಲಿ ತಿನ್ನೋಕೆ ಇರಲಿ."

ಪಾಪ, ಅಷ್ಟು ಪ್ರೀತಿಯಿಂದ ತಂದವಳಿಗೆ ಬಾಯ್ಮುಚ್ಚು ಅನ್ನಲಾದೀತೇ? ವರ್ನಾ ಕೈ ಒರೆಸಿಕೊಂಡು ಮಾತಿಗೆ ನಿಂತಳು. ಮೊದಲಿನಿಂದ ಶುರು ಮಾಡಲಿಲ್ಲ.

ಮೂವತ್ತು ಮೈಲಿ ದಾಟಿದ ಮೇಲೆ, ವಯೋಮಿಂಗ್‌ನ ಗಾಳಿ ಟ್ರೈಲರನ್ನು ಪಕ್ಕಕ್ಕೆ ನೂಕಿದಾಗ, ಅವಳಿಗೆ ಥಟ್ಟನೆ ಅನುಮಾನ ಬಂತು. ಕೊಂಡಿಯ ಹಿಡಿಗೆ ಅಡ್ಡ ಪಿನ್ನು ಸಿಕ್ಕಿಸಿದೆನೋ ಇಲ್ಲವೋ? ಎಷ್ಟು ನೆನೆದರೂ ಬನ್ನಿನ ಘಮವೇ ನೆನಪಿಗೆ ಬರುತ್ತದೆ. ಪಿನ್ನಿಲ್ಲದಿದ್ದರೆ ಕುಲುಕಾಟಕ್ಕೆ ಹಿಡಿ ಸರಿದು ಕೊಂಡಿ ಬಾಯಿ ಬಿಡಬಹುದು. ಮುಂದೆ ಹತ್ತು ಮೈಲಿಗೆ ಬೆಟ್ಟದ ತುದಿ. ಆಮೇಲೆ ಬರೀ ಇಳಿಜಾರು.

"ಯಾಕೆ ನಿಧಾನ ಮಾಡ್ದೆ?" ಎಂದ ಆರ್ಲೋ.

"ಗಾಳಿ ಕಣೋ."

"ಗಾಳಿ ಬೆಳಿಗ್ಗೆಯಿಂದ್ಲೂ ಇದೆ. ನಿನ್ನ ಉಸಿರು ಮಾತ್ರ ಈಗ ಜೋರಾಗಿದೆ."

ಅವಳು ಕನ್ನಡಿ ನೋಡಿದಳು. ಟ್ರೈಲರ್ ಹಿಂದೆಯೇ ಇತ್ತು. ಮತ್ತೆ ನೋಡಿದಳು. ಲಾರಿಯೊಂದು ಪಕ್ಕದಲ್ಲಿ ಹಾದಾಗ ಟ್ರೈಲರ್ ಓಲಾಡಿತು. ಹಿಂದಿನ ಕಾರಿನಲ್ಲಿ ಯಾರ ಮಕ್ಕಳಿದ್ದಾರೋ ಏನೋ. ಹೇಳಿಬಿಟ್ಟರೆ ಟ್ರೈಲರ್ ಮನೆ ಮಾರಿಹೋಗುತ್ತದೆ, ಹೇಳದಿದ್ದರೆ?

"ಆರ್ಲೋ, ಪಿನ್ನು ಹಾಕಿದ್ದು ನೆನಪಿಲ್ಲ."

ಅವನು ಬೈಯಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ದಿಗಿಲಾಯಿತು. "ಬ್ರೇಕ್ ಜೋರಾಗಿ ತುಳೀಬೇಡ. ಇಲ್ಲಿ ಪಕ್ಕಕ್ಕೆ ನಿಲ್ಲಿಸೋಕೆ ಆಗಲ್ಲ, ತುದೀಲಿ ಲಾರಿ ನಿಲ್ಲೋ ಜಾಗ ಇದೆ," ಎಂದಷ್ಟೇ ಹೇಳಿದ.

ತುದಿಯವರೆಗೂ ಅವಳು ಬ್ರೇಕ್ ಮುಟ್ಟದೆ ಮೆಲ್ಲಗೆ ಓಡಿಸಿದಳು.

ನಿಲ್ಲಿಸಿ ಇಳಿದಾಗ ಗಾಳಿ ಬಾಗಿಲನ್ನೇ ಕಿತ್ತುಕೊಳ್ಳುವಂತಿತ್ತು. ಪಿನ್ನು ತನ್ನ ತಂತಿಗೆ ನೇತಾಡುತ್ತಿತ್ತು. ಹಿಡಿ ಎರಡು ಬೆರಳಿನಷ್ಟು ಆಗಲೇ ಸರಿದಿತ್ತು.

"ಹಾಕಿರ್ಲಿಲ್ಲ," ಎಂದಳು. "ಹಿಡಿನೂ ಸರಿದಿದೆ. ಮಾರೋದಾದ್ರೆ ಮಾರು."

ಆರ್ಲೋ ಪಿಕಪ್ಪನ್ನು ತಡವುತ್ತ ಬಂದು ಹಿಡಿಯನ್ನು ಮುಟ್ಟಿ ನೋಡಿ, ಒಳಕ್ಕೆ ನೂಕಿ, ಪಿನ್ನನ್ನು ಅವಳ ಕೈಗಿಟ್ಟ. ಅವಳು ಸಿಕ್ಕಿಸಿದಳು.

"ಸುಳ್ಳು ಹೇಳಿ ಇಳಿಜಾರಿಗೆ ಬಿಟ್ಟಿದ್ರೆ ಇವತ್ತೇ ಮಾರ್ತಿದ್ದೆ. ಹೋಗಿ ಕೂರು. ಟ್ರೈಲರ್ ಬ್ರೇಕ್ ಹಿಡಿದು ಒಂದು ಸಲ ಮುಂದಕ್ಕೆಳಿ. ಕಣ್ಣಿಲ್ಲದಿದ್ರೇನು, ಕಿವಿ ಇದೆ, ಕೊಂಡಿ ಕಚ್ಚಿದೆಯಾ ಅಂತ ನಾನು ಕೇಳ್ತೀನಿ."

ಅವಳು ಎಳೆದಳು. ಪಿಕಪ್ ಮುಗ್ಗರಿಸಿ ನಿಂತಿತು.

"ಇನ್ನೊಂದ್ಸಲ!"

ಮತ್ತೆ ಎಳೆದಳು. ಆರ್ಲೋ ಕೊಂಡಿಯ ಹತ್ತಿರ ತಲೆ ಬಾಗಿಸಿ ಕಿವಿಗೊಟ್ಟ. ಆಮೇಲೆ ಬಂದು ಪಕ್ಕದ ಸೀಟಿಗೆ ಹತ್ತಿ ಬೆಲ್ಟು ಬಿಗಿದುಕೊಂಡ.

"ಕಚ್ಚಿದೆ. ಎರಡನೇ ಗೇರಲ್ಲಿ ಇಳಿಸು," ಎಂದ.

ವರ್ನಾ ಕನ್ನಡಿ ನೋಡಿ ಗಾಡಿಯನ್ನು ರಸ್ತೆಗೆ ತಂದಳು. ಎರಡನೇ ಗೇರಿನಲ್ಲೇ ಇಳಿಸತೊಡಗಿದಳು.