ಎರಡು ದಿನದ ಮೇಡಂ

ನನ್ನ ಹೆಂಡತಿ ನಮ್ಮ ದ್ವೀಪದ ದೊಡ್ಡ ರೆಸಾರ್ಟಿನಲ್ಲಿ ರೂಮು ಗುಡಿಸಿ, ಹಾಸಿಗೆ ಹಾಸುವವಳು. ನಾನು ಅಲ್ಲೇ ದೋಣಿ ಓಡಿಸುವವನು. ಅಲ್ಲಿಯ ನಿಯಮ ಬಹಳ ಸೊಗಸು: ಅತಿಥಿಗಳ ಕಣ್ಣಿಗೆ ಕಸ ಬೀಳಬಾರದು, ಕಸ ಗುಡಿಸುವವರೂ ಬೀಳಬಾರದು. ಎದುರಿಗೆ ಅತಿಥಿ ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಇವಳಿಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ಮನೆಯಲ್ಲಿ ನಾನು ಬಚ್ಚಲಿಂದ ಹೊರಬಂದರೂ ಗೋಡೆಗೆ ಅಂಟಿಕೊಳ್ಳುತ್ತಾಳೆ. ಆ ಒಂದು ಕ್ಷಣ ನಾನೂ ಶ್ರೀಮಂತನಾಗುತ್ತೇನೆ. ಆಮೇಲೆ ಅವಳು ಬಾಯಿ ತೆರೆಯುತ್ತಾಳೆ.

ನಮ್ಮ ಮ್ಯಾನೇಜರನಿಗೆ ನಾವಿಟ್ಟ ಹೆಸರು ನಗುಮುಖ. ಕೆಲಸದಿಂದ ತೆಗೆಯುವಾಗಲೂ ಆ ನಗು ಮಾಸುವುದಿಲ್ಲ. ಜನ ಬಾರದ ತಿಂಗಳಲ್ಲಿ, ರೂಮುಗಳು ಖಾಲಿ ಬಿದ್ದಾಗ, ಆತನಿಗೆ ಔದಾರ್ಯ ಉಕ್ಕಿ ಬರುತ್ತದೆ. ಈ ಸಲ ಉಕ್ಕಿದ್ದು ನನ್ನ ಹೆಂಡತಿಯ ಮೇಲೆ. ವರ್ಷದ ಉತ್ತಮ ಕೆಲಸಗಾರ್ತಿ ಎಂದು ಚಪ್ಪಾಳೆ ತಟ್ಟಿಸಿ, ಗಂಡನ ಜೊತೆ ಎರಡು ದಿನ ಅತಿಥಿಯಾಗಿ ಇರಿ ಎಂದ.

ಹೋದೆವು. ಹುಟ್ಟಿದಾಗಿನಿಂದ ಪುಕ್ಕಟೆ ನೋಡುತ್ತಿದ್ದ ಸಮುದ್ರವನ್ನೇ ಗಾಜಿನ ಹಿಂದೆ ಕೂತು ನೋಡಬೇಕು, ಅದಕ್ಕೆ ಐಷಾರಾಮ ಎನ್ನುತ್ತಾರೆ. ಮಂಚದ ತುಂಬ ದಿಂಬುಗಳು. ಮೊದಲು ಅವಕ್ಕೆ ಜಾಗ ಹುಡುಕಿ, ಉಳಿದದ್ದರಲ್ಲಿ ನಾವು ಮಲಗಬೇಕು. ನಾನಂತೂ ಕಾಲು ತೊಳೆಯದೆ ಮರಳು ತುಳಿದುಕೊಂಡೇ ಒಳಗೆ ಬಂದೆ. ಅತಿಥಿಗಳು ಹಾಗೇ ಅಲ್ಲವೇ ಮಾಡುವುದು?

ಆದರೆ ಆ ಸಾಲಿನ ರೂಮುಗಳನ್ನು ಗುಡಿಸುವವಳು ನನ್ನ ತಂಗಿ. ಗಂಡನ ಮನೆ ಬಿಟ್ಟು ಬಂದು ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಮಲಗುವವಳು. ಇನ್ನೂ ಹೊಸಬಳು. ಕೆಲಸ ಕಾಯಂ ಆದರೆ ಸಿಬ್ಬಂದಿ ವಸತಿಯಲ್ಲಿ ಅವಳದೇ ಒಂದು ಕೋಣೆ, ಅವಳದೇ ಒಂದು ಬಾಗಿಲು. ಅವಳು ಉಸಿರಾಡುವುದೇ ಆ ಬಾಗಿಲಿಗಾಗಿ. ಅತ್ತಿಗೆ ನಾದಿನಿಯರ ನಡುವೆ ಮಾತು ಅಷ್ಟಕ್ಕಷ್ಟೆ.

ಬೆಳಗ್ಗೆ ನಾನು ಕಣ್ಣು ಬಿಡುವಷ್ಟರಲ್ಲಿ ನನ್ನ ಹೆಂಡತಿ ಬಚ್ಚಲು ತಿಕ್ಕಿ, ಮರಳು ಬಳಿದು, ನನ್ನನ್ನು ಉರುಳಿಸಿ ಹಾಸಿಗೆಯನ್ನೂ ಹಾಸಿ ಮುಗಿಸಿದ್ದಳು.

"ಅವಳು ಬಂದು ನಾವು ಮಾಡಿದ ಗಲೀಜು ತೆಗೆಯೋದು ಬೇಡ ರೀ," ಎಂದಳು. "ನಂಗೇ ನಾಚಿಕೆ."

ತಂಗಿ ಬಂದು ನೋಡಿದಳು. ಮಾಡಲು ಕೆಲಸವೇ ಇಲ್ಲವೆಂದು ಪೊರಕೆ ಎತ್ತಿಕೊಂಡು ಹೋದಳು. ಅವಳ ಬೆನ್ನಿಗೇ ನಗುಮುಖ ಬಂದ, ಅತಿಥಿಗಳ ಯೋಗಕ್ಷೇಮ ವಿಚಾರಿಸಲು. ಬಂದವನ ಕಣ್ಣು ನೆಟ್ಟಗೆ ಹಾಸಿಗೆಯ ಮೂಲೆಗೆ ಹೋಯಿತು.

"ಈ ಮಡಿಕೆ ನಿಮ್ಮ ಕೈಯದು," ಎಂದ ನನ್ನ ಹೆಂಡತಿಗೆ. "ಅಂದ್ರೆ ಆ ಹುಡುಗಿ ಸಂಬಂಧಿಕರ ರೂಮು ಅಂತ ಕೈಯೇ ಹಚ್ಚಿಲ್ಲ. ಕಾಯಂ ಮಾಡೋಕೆ ಮುಂಚೆ ಗೊತ್ತಾಯ್ತಲ್ಲ, ಒಳ್ಳೇದಾಯ್ತು."

"ಇಲ್ಲ ಸರ್, ಅವಳೇ ಹಾಸಿದ್ದು. ನಾನೇ ಹೇಳ್ಕೊಟ್ಟಿದ್ದಲ್ವಾ, ಅದಕ್ಕೇ ಹಾಗಿದೆ," ಎಂದು ಇವಳು ಹಸಿ ಸುಳ್ಳು ಹೇಳಿದಳು.

"ಹೌದಾ! ಹಾಗಾದ್ರೆ ನನ್ನೆದುರಿಗೇ ಇನ್ನೊಂದ್ಸಲ ಹಾಸಲಿ." ಹಲ್ಲು ಕಿರಿಯುತ್ತಲೇ ಹೊದಿಕೆ ಕಿತ್ತು ನೆಲಕ್ಕೆ ಹಾಕಿದ. ತಂಗಿಯನ್ನು ಕರೆಸಿದ. "ನೀವು ಅತಿಥಿ, ಆರಾಮಾಗಿ ಕೂತ್ಕೊಳ್ಳಿ ಮೇಡಂ."

ನನ್ನ ಹೆಂಡತಿ ಕುರ್ಚಿಯಲ್ಲಿ ಕೂತಳು. ತಂಗಿ ಹಾಸತೊಡಗಿದಳು. ಮೊದಲ ಮೂಲೆ ಸೊಟ್ಟಗಾಯಿತು. ಬಿಚ್ಚಿದಳು, ಮತ್ತೆ ಮಡಿಸಿದಳು. ನನ್ನ ಹೆಂಡತಿ ಎದ್ದು ಒಂದು ಕೈ ಹಚ್ಚಿದ್ದರೆ ಸುಳ್ಳೂ ಬಯಲು, ತಂಗಿಯ ಕೆಲಸವೂ ಹೋಯಿತು. ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ನಾನು ಕಿಟಕಿಯತ್ತ ತಿರುಗಿ ಸಮುದ್ರದ ಸೊಬಗು ಸವಿಯುತ್ತ ನಿಂತೆ, ಮಹಾ ವೀರ!

ಹಾಸಿಗೆ ಮುಗಿಯಿತು. ತಂಗಿ ಮಂಡಿಯೂರಿ, ನನ್ನ ತೊಳೆಯದ ಪಾದಗಳಿಂದ ಆಗತಾನೇ ಉದುರಿದ್ದ ಮರಳು ಗುಡಿಸುತ್ತ ಕುರ್ಚಿಯ ಹತ್ತಿರ ಬಂದಳು. ತಲೆ ಎತ್ತದೆ ಹೇಳಿದಳು:

"ಮೇಡಂ, ಸ್ವಲ್ಪ ಕಾಲೆತ್ತಿ."

ನನ್ನ ಹೆಂಡತಿ ಕಾಲೆತ್ತಿದಳು.

"ಅತಿಥಿಗಳಿಗೆ ತೃಪ್ತಿ ಆಯ್ತಾ?" ಎಂದು ನಗುಮುಖ ಕೇಳಿದ. ಇವಳು ತಲೆಯಾಡಿಸಿದಳು. "ಪರವಾಗಿಲ್ಲ, ಕಾಯಂ ಮಾಡೋಣ," ಎಂದು ಅವನು ಹೊರಟ. ತಂಗಿಯೂ ಅವನ ಹಿಂದೆಯೇ ಹೋದಳು, ಅತ್ತಿಗೆಯ ಮುಖ ನೋಡಲಿಲ್ಲ.

ಬಾಗಿಲು ಮುಚ್ಚಿತು. ಬದುಕಿದೆವು ಎಂದುಕೊಂಡು ನಾನು ತಿರುಗಿದರೆ, ಇವಳು ಅಳುತ್ತಿದ್ದಳು.

"ಇಷ್ಟು ವರ್ಷ ಎಷ್ಟು ಜನರ ಕಾಲ ಕೆಳಗೆ ಗುಡಿಸಿದ್ದೀನಿ," ಎಂದಳು. "ಅವರಲ್ಲಿ ಒಬ್ಬರಿಗಾದ್ರೂ ಹಿಂಗೆ ಅನಿಸಿರುತ್ತಾ ರೀ?"

"ಇಲ್ಲ ಕಣೇ," ಎಂದೆ.