ಖಾಲಿ ಚಾಪೆಯಿಂದ ಬಂದ ಓಗೊಡುವಿಕೆ

ವನುವಾ ಲೆವು ದ್ವೀಪದ ನಾಸೋಲೊ ಹಳ್ಳಿಯ ಮೆರೆವಲೇಸಿ ಚಾಪೆ ಹೆಣೆದೇ ಮಕ್ಕಳನ್ನು ಸಾಕಿದವಳು. ಗಂಡ ತೀರಿಹೋದ ಮೇಲೆ, ಪಾಳಿ ಬಂದ ಭಾನುವಾರ ಚರ್ಚಿನಲ್ಲಿ ಪ್ರಸಂಗವನ್ನೂ ಮಾಡುತ್ತಿದ್ದಳು. ಓದಿದ್ದು ಕಡಿಮೆ. ವಾರವೆಲ್ಲ ಗರಿಯ ಜೊತೆ ಒಂದೇ ವಾಕ್ಯವನ್ನು ಹೆಣೆಯುತ್ತ ಕೂತು, ಅದು ತಾನಾಗಿ ಮಾತಾಡುವವರೆಗೆ ಕಾಯುತ್ತಿದ್ದಳು.

ನಮ್ಮಲ್ಲಿ ಪ್ರಸಂಗ ಒಬ್ಬರಿಂದ ಆಗುವುದಲ್ಲ. ಕೂತವರು ‘ನಿಜ!’ ಎಂದು ಓಗೊಡಬೇಕು. ಯಾರೂ ಬಾಯಿ ಬಿಡದ ಕಡೆ ಮೊದಲು ಓಗೊಡುತ್ತಿದ್ದವಳು ಅವಳ ಗೆಳತಿ ಕೆಲೆರಾ. ಅವಳು ಅಂದಮೇಲೆ ಉಳಿದವರಿಗೂ ಧೈರ್ಯ ಬರುತ್ತಿತ್ತು.

ಬಂದೂಕು ಹಿಡಿದವರು ರಾಜಧಾನಿಯಲ್ಲಿ ಸರ್ಕಾರ ಬೀಳಿಸಿದ ವರ್ಷ ಕೆಲೆರಾ ಸತ್ತಳು. ಸತ್ತವರ ಹೆಸರಲ್ಲಿ ಹಾಕುವ ನೂರನೇ ರಾತ್ರಿಯ ಊಟ ಆಗುವತನಕ ಮುಂದಿನ ಸಾಲಿನ ಅವಳ ಚಾಪೆಯಲ್ಲಿ ಯಾರೂ ಕೂರುವಂತಿರಲಿಲ್ಲ. ಅದೇ ವರ್ಷ ಅವಳ ಮಗ, ಊರ ಯಜಮಾನ ಅಪೆನಿಸಾ, ಹೊರದೇಶದಿಂದ ವಲಸೆ ಬಂದ ಮನೆತನದ ಶಿವನಾಥನ ಗೇಣಿ ಭೂಮಿಯನ್ನು ಬಿಡಿಸಿಕೊಂಡ. ಮೂರು ತಲೆಮಾರು ಕಬ್ಬು ಬೆಳೆದ ಸಂಸಾರ ರಸ್ತೆ ಬದಿಯ ತಗಡಿನ ಶೆಡ್ಡಿಗೆ ಬಂತು. ಅವರು ನೀರಿಗೆ ಬರಬಾರದೆಂದು ಅಪೆನಿಸಾ ಗುಡ್ಡದ ಮೇಲೆ ಸಿಹಿನೀರು ಉಕ್ಕುವ ಊಟೆಯ ದಾರಿಗೆ ನಿಷೇಧದ ಗುರುತಾಗಿ ತೆಂಗಿನ ಗರಿ ಕಟ್ಟಿದ. ಕಟ್ಟಿದವನು ಬಿಚ್ಚದೆ ಅದನ್ನು ಮುಟ್ಟುವ ಎದೆ ಊರಲ್ಲಿ ಯಾರಿಗೂ ಇಲ್ಲ. ಶಿವನಾಥನ ಬಸುರಿ ಸೊಸೆ ಹೊಳೆಯ ಕೆಸರುನೀರು ಸೋಸಿ ಕುಡಿಯುತ್ತಿದ್ದಳು.

ಚರ್ಚಿನೊಳಗೂ ಊರು ಎರಡಾಯಿತು. ಅಪೆನಿಸಾನ ಪಕ್ಷದವರು ಗುಡ್ಡದ ಕಡೆಯ ಕಿಟಕಿಯ ಬಳಿ, ಅವನಿಗೆ ಎದುರು ನಿಂತ ಮೇಷ್ಟ್ರು ಇಸೋವನ ಪಕ್ಷದವರು ಸಮುದ್ರದ ಕಡೆಗೆ ಕೂರತೊಡಗಿದರು.

ಒಂದು ಶನಿವಾರ ಅಪೆನಿಸಾ ಬಂದು ಮೆರೆವಲೇಸಿಯ ಜಗುಲಿಯಲ್ಲಿ ಕೂತ. “ಚಿಕ್ಕಮ್ಮಾ, ನಾಳೆ ನಿನ್ನ ಪಾಳಿ. ಸ್ವರ್ಗದ ವಿಷಯ ಹೇಳು. ನೀರು-ಗೀರು ಬೇಡ.”

“ಸ್ವರ್ಗಕ್ಕೆ ಹೋಗೋರಿಗೆ ಬಾಯಾರಲ್ವೇನೋ?”

ಅವನು ನಗದೆ ಎದ್ದು ಹೋದ. ಅವನು ಹೋದದ್ದನ್ನು ನೋಡಿಯೇ ಇಸೋವ ಬಂದ. “ಅವನ ಮಾನ ತೆಗಿ ಅತ್ತೆ. ನಾವೆಲ್ಲ ಓಗೊಡ್ತೀವಿ.”

“ನಿಂಗೆ ಬೇಕಾಗಿರೋದು ಅವನ ಮಾನ, ಆ ಹುಡುಗಿಗೆ ನೀರಲ್ಲ. ಹೋಗಪ್ಪಾ.”

ಭಾನುವಾರ ಗಾಳಿಯೇ ಇರಲಿಲ್ಲ. ವೇದಪುಸ್ತಕದ ಇಸಾಕನ ಆಳುಗಳು ಪರಸ್ಥಳದಲ್ಲಿ ಬಾವಿ ತೋಡಿದಾಗ ಆ ಊರಿನ ದನ ಕಾಯುವವರು ‘ನೀರು ನಮ್ಮದು’ ಎಂದು ಜಗಳ ತೆಗೆದ ಕಥೆಯನ್ನು ಮೆರೆವಲೇಸಿ ಓದಿದಳು. “ಇಸಾಕನ ಹೆಸರು ಉಳೀತು. ಆ ದನ ಕಾಯೋರ ಹೆಸರು ಯಾರಿಗಾದ್ರೂ ಗೊತ್ತಾ?”

ಸಮುದ್ರದ ಕಡೆಯವರು “ನಿಜ! ನಿಜ!” ಎಂದರು. ಗುಡ್ಡದ ಕಡೆಯವರು ನೆಲ ನೋಡಿದರು.

“ತಡೀರಿ,” ಎಂದಳು. “ಗರಿ ಕಟ್ಟಿದ್ದು ಒಬ್ಬ. ಅದನ್ನ ದಾಟಿ ದಿನಾ ನಮ್ಮ ಕೊಡ ತುಂಬ್ಕೊಂಡು ಬಂದೋರು ನಾವೆಲ್ಲ. ನಾನೂ ಹೊತ್ತು ತಂದಿದ್ದೀನಿ. ಆ ದನ ಕಾಯೋರು ನಾವೇ.”

ಆಗ ಸಮುದ್ರದ ಕಡೆಯೂ ಬಾಯಿ ಮುಚ್ಚಿತು. ಬೀಸಣಿಗೆಗಳು ನಿಂತವು. ಮೆರೆವಲೇಸಿ ಕಾದಳು. ಪ್ರಸಂಗ ಅಲ್ಲೇ ಸತ್ತಿತು, ಆ ಹುಡುಗಿಯ ನೀರೂ ಹೋಯಿತು ಎಂದುಕೊಂಡು ಪುಸ್ತಕ ಮುಚ್ಚಲು ಕೈಯಿಟ್ಟಳು.

“ನಿಜಾ...”

ಮುದಿ ಹೆಂಗಸಿನ ದನಿ. ಗಟ್ಟಿಯಾಗೇನೂ ಇರಲಿಲ್ಲ. ಮಕ್ಕಳೆಲ್ಲ ಒಟ್ಟಿಗೆ ತಿರುಗಿ ಖಾಲಿ ಚಾಪೆಯತ್ತ ನೋಡಿದವು. ಚರ್ಚಿನಲ್ಲಿ ಮಕ್ಕಳನ್ನು ಹದ್ದುಬಸ್ತಿನಲ್ಲಿಡುವ ಮುದುಕ ಗದರಿಸಲು ಕೋಲೆತ್ತಿದವನು ಅದನ್ನು ಇಳಿಸಲೇ ಇಲ್ಲ.

ಪ್ರಸಂಗ ಮುಗಿದು ಹೊರಗೆ ಬಂದ ಮೇಲೆ ಗುಡ್ಡದ ಕಡೆಯವರು, “ನಿಮ್ಮ ಕಡೇದು ಯಾವ ಮುದುಕಿ ಅದು?” ಎಂದರು. ಸಮುದ್ರದ ಕಡೆಯವರು, “ನಮ್ಮ ಕಡೆ ಅಲ್ಲ, ನಿಮ್ಮ ಕಡೆಯಿಂದ ಬಂತು,” ಎಂದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಎಲ್ಲರೂ ಹೋದಮೇಲೆ ಅಪೆನಿಸಾ ಬಾಗಿಲಲ್ಲಿ ನಿಂತ. “ಅಮ್ಮನ ಹಾಗೆ ದನಿ ತೆಗೆದದ್ದು ನೀನೇನಾ ಚಿಕ್ಕಮ್ಮಾ? ನಿಜ ಹೇಳು.”

“ವೇದಪುಸ್ತಕದ ಮೇಲೆ ಕೈಯಿಟ್ಟಿದ್ದೆ ಕಣೋ. ಆ ಕೈಯಿಟ್ಕೊಂಡು ನಾಟಕ ಆಡ್ಲಾ?”

“ಅವಳು ‘ನಿಜ’ ಅನ್ನೋದರ ಕೊನೇನ ಎಳೀತಿದ್ಲು.”

“ಇವತ್ತೂ ಎಳೆದಳು.”

ಅವನು ಭಾನುವಾರದ ಬಟ್ಟೆಯಲ್ಲೇ ಗುಡ್ಡ ಹತ್ತಿದ. ಇಳಿದು ಬಂದಾಗ ಒಣಗಿದ ಗರಿ ಕೈಯಲ್ಲಿತ್ತು. “ಗಾಳಿಗೆ ಬಿಚ್ಚಿಹೋಯ್ತು ಅಂತ ಹೇಳು,” ಎಂದು ಅವಳ ಜಗುಲಿಯಲ್ಲಿಟ್ಟು ಹೋದ. ಅಂದು ಒಂದೆಲೆಯೂ ಅಲುಗಿರಲಿಲ್ಲ. ಅವಳು ಹಾಗೂ ಹೇಳಲಿಲ್ಲ, ಹೀಗೂ ಹೇಳಲಿಲ್ಲ. ತಾನೇ ಕೊಡ ಹೊತ್ತು ಶಿವನಾಥನ ಸೊಸೆಯನ್ನು ಊಟೆಗೆ ಕರೆದೊಯ್ದಳು.

ನೂರನೇ ರಾತ್ರಿಯ ಊಟವಾಗಿ ಚಾಪೆ ಎತ್ತಿದರು. ಊರಿನ ಪಕ್ಷಗಳು ಇಂದಿಗೂ ಹಾಗೇ ಇವೆ. ಪ್ರಸಂಗದ ಕಷ್ಟದ ಕಡೆ ಮೆರೆವಲೇಸಿ ನಿಲ್ಲಿಸಿ ಕಾಯುತ್ತಾಳೆ. ಆ ದನಿ ಮತ್ತೆ ಬಂದಿಲ್ಲ. ಆದರೆ ಕೆಲೆರಾಳನ್ನು ಕಂಡೇ ಇರದ ಮಕ್ಕಳೂ ಆ ಹೊತ್ತಿಗೆ ಚಾಪೆಯಿದ್ದ ಆ ಬರಿನೆಲದತ್ತ ತಿರುಗುತ್ತವೆ. ನೋಡಬೇಡಿ ಎಂದು ಕೋಲಿನ ಮುದುಕ ಗದರಿಸುವುದಿಲ್ಲ.